ತಂತಿಯ ಅಡಿಯ ಚಪ್ಪಲಿ ತುಂಡು

ನನ್ನ ಮನೆಯಲ್ಲಿ ಒಂದು ಬೇಸ್ ಗಿಟಾರ್ ಇದೆ ಎನ್ನುವುದನ್ನು ನಾನು ಯಾರ ಬಳಿಯೂ ಬೇಗ ಬಾಯಿ ಬಿಡುವುದಿಲ್ಲ. ಹೇಳಿದರೆ ಸಾಕು, "ಹೌದಾ, ಒಂದು ಬಾರಿಸಿ ನೋಡುವ" ಎನ್ನುತ್ತಾರೆ. ಆಗ ನಾನು ನೀರು ಕುಡಿಯಲು ಏಳುತ್ತೇನೆ, ಬಾರದ ಫೋನ್ ಕರೆಗೆ ಉತ್ತರಿಸುತ್ತೇನೆ, ಅದೂ ಸಾಲದಿದ್ದರೆ ಕೆಳಗಿನ ಮನೆಯವರಿಗೆ ಹುಷಾರಿಲ್ಲ ಎನ್ನುತ್ತೇನೆ. ಕೆಳಗಿನ ಮನೆಯವರು ಗುಂಡುಕಲ್ಲಿನ ಹಾಗಿದ್ದಾರೆ. ಹುಷಾರಿಲ್ಲದಿರುವುದು ನನ್ನ ಬಾರಿಸುವಿಕೆಗೆ.

ಬೇಸ್ ಗಿಟಾರ್ ಎಂದರೆ ಏನು ಎಂದು ಕೇಳುವವರಿಗೆ ನಾನು ಸಾರಿಗೆ ಹಾಕುವ ಇಂಗನ್ನು ತೋರಿಸುತ್ತೇನೆ. ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಏನೋ ಕಡಿಮೆಯಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಸಾಧಾರಣ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ. ದಪ್ಪ ತಂತಿಗಳು, ನೆಲಮಾಳಿಗೆಯಿಂದ ಬಂದಂಥ ದನಿ. ಐವತ್ತು ತುಂಬಿದಾಗ ಕೆಲವರು ಯೋಗಕ್ಕೆ ಸೇರುತ್ತಾರೆ, ಕೆಲವರು ಬೆಟ್ಟ ಹತ್ತಲು ಬೂಟು ಕೊಳ್ಳುತ್ತಾರೆ. ಆರಕ್ಕಿಂತ ನಾಲ್ಕು ಸುಲಭವಾಗಿರಬೇಕು ಎಂಬ ಲೆಕ್ಕದಲ್ಲಿ ನಾನು ಈ ಗಿಟಾರ್ ಕೊಂಡೆ. ಈ ಲೆಕ್ಕ ಎಷ್ಟು ತಪ್ಪು ಎಂದು ತಿಳಿಯಲು ನನಗೆ ಒಂದು ವಾರ ಸಾಕಾಯಿತು.

ಆದರೆ ಬಾರಿಸುವುದಕ್ಕಿಂತ ಹಿತವಾದ ಇನ್ನೊಂದು ಕೆಲಸ ಈ ವಾದ್ಯದಲ್ಲಿದೆ ಎಂಬುದು ಅದೇ ವಾರ ಗೊತ್ತಾಯಿತು. ಅದು ರಿಪೇರಿ. ಬಲ್ಲವರು ಇದನ್ನು ಸೆಟಪ್ ಎನ್ನುತ್ತಾರೆ. ನಾನು ಮುಂಬಯಿ ಪಕ್ಕದ ರಬಾಳೆಯ ಒಂದು ವಾಲ್ವ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ತಪಾಸಣೆ ವಿಭಾಗದಲ್ಲಿದ್ದೇನೆ. ಬೇರೆಯವರು ಮಾಡಿದ್ದನ್ನು ಅಳೆದು ಇದು ಸರಿ, ಇದು ತಪ್ಪು ಎಂದು ಹೇಳುವುದೇ ನನ್ನ ಉದ್ಯೋಗ. ನನ್ನ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಫೀಲರ್ ಗೇಜ್ ಇರುತ್ತದೆ. ಕೂದಲೆಳೆಯಂಥ ಸಂದನ್ನು ಅಳೆಯುವ, ತೆಳ್ಳನೆಯ ಉಕ್ಕಿನ ಪಟ್ಟಿಗಳ ಗೊಂಚಲು ಅದು. ಇಂಥವನ ಕೈಗೆ ಅಳೆಯಲೆಂದೇ ಹುಟ್ಟಿದ ವಾದ್ಯ ಸಿಕ್ಕಿದರೆ ಏನಾಗುತ್ತದೆ? ತಂತಿಗೂ ಅದರ ಕೆಳಗಿನ ಲೋಹದ ಮೆಟ್ಟಿಲಿಗೂ ಎಷ್ಟು ಅಂತರ ಇರಬೇಕು, ಕುತ್ತಿಗೆಯ ಮರ ಎಷ್ಟು ಬಾಗಿರಬೇಕು, ತಂತಿ ಕೂರುವ ಕುದುರೆ ಎಷ್ಟು ಹಿಂದೆ ಸರಿಯಬೇಕು, ಎಲ್ಲಕ್ಕೂ ಒಂದು ಅಳತೆ ಇದೆ. ನನ್ನ ಮನೆಯಿರುವ ಐರೋಲಿಯಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಗಾಳಿ. ಮಳೆಗಾಲದಲ್ಲಿ ಮರ ನೀರು ಕುಡಿದು ಬಾಗುತ್ತದೆ, ದಸರೆ ಕಳೆದ ಮೇಲೆ ಒಣಗಿ ನೆಟ್ಟಗಾಗುತ್ತದೆ. ಕುತ್ತಿಗೆಯ ಒಳಗೆ ಹುದುಗಿಸಿದ ಒಂದು ಉಕ್ಕಿನ ಸರಳಿದೆ, ಅದನ್ನು ಕಾಲು ಸುತ್ತು ತಿರುಗಿಸಿದರೆ ಮರ ಮಾತು ಕೇಳುತ್ತದೆ. ಮನೆಯಲ್ಲಿ ನನ್ನ ಮಾತು ಕೇಳುವ ಏಕೈಕ ವಸ್ತು ಅದಾದ್ದರಿಂದ ನಾನು ಅದನ್ನು ವಾರಕ್ಕೆರಡು ಸಲ ತಿರುಗಿಸುತ್ತಿದ್ದೆ.

ಆಮೇಲೆ ಸುಧಾರಣೆಗಳು ಬಂದವು. ಗುಂಡಿಗಳನ್ನು ಬದಲಿಸಿದೆ. ಗುಂಯ್ ಎನ್ನುವ ಸದ್ದು ಅಡಗಲೆಂದು ಹೊಟ್ಟೆಯೊಳಗೆ ತಾಮ್ರದ ಪಟ್ಟಿ ಅಂಟಿಸಿದೆ. ತಂತಿಯ ಕಂಪನವನ್ನು ಹಿಡಿಯುವ ಪಿಕಪ್ ಎಂಬ ಅಯಸ್ಕಾಂತವನ್ನು ಬಿಚ್ಚಿ ಬೇರೆ ಹಾಕಿದೆ, ಅದನ್ನೂ ಬಿಚ್ಚಿ ಮೊದಲಿನದನ್ನೇ ಹಾಕಿದೆ. ವಿಡಿಯೋ ನೋಡಿ ತೋರುಬೆರಳು, ನಡುಬೆರಳುಗಳನ್ನು ಹೆಜ್ಜೆ ಹಾಕಿದ ಹಾಗೆ ಒಂದಾದ ಮೇಲೊಂದು ಆಡಿಸುವುದನ್ನು ಅಭ್ಯಾಸ ಮಾಡಿದೆ. ನನ್ನ ಬೆರಳುಗಳು ಮಾತ್ರ ಒಂದೇ ಬಾಗಿಲಲ್ಲಿ ಏಕಕಾಲಕ್ಕೆ ನುಗ್ಗುವ ಲೋಕಲ್ ರೈಲಿನ ಪ್ರಯಾಣಿಕರ ಹಾಗೆ ಒಂದನ್ನೊಂದು ತಳ್ಳಿಕೊಂಡವು. ಹೆಂಡತಿ ಸುಮತಿ ಒಂದು ದಿನ ಕೇಳಿದಳು, "ಅಲ್ಲ ಮಾರಾಯ್ರೆ, ಇದು ರಿಪೇರಿ ಮುಗಿದ ಮೇಲೆ ಯಾರಾದ್ರೂ ಬಾರಿಸ್ಲಿಕ್ಕೆ ಬರ್ತಾರಾ?" ನಾನು ಕೇಳಿಸದವನ ಹಾಗೆ ಸ್ಕ್ರೂ ಹುಡುಕಿದೆ.

ಇಷ್ಟು ಮಾತ್ರ ಆಗಿದ್ದರೆ ಇದು ನಗುವ ಸಂಗತಿಯೇ. ನಾಚಿಕೆಯ ಸಂಗತಿ ಶುರುವಾಗುವುದು ಶರಣಪ್ಪ ಬಂದ ಮೇಲೆ.

ಶರಣಪ್ಪ ನಮ್ಮ ಕಾರ್ಖಾನೆಯ ಮಾಲು ಲಾರಿಗೆ ತುಂಬುವ ಗುಂಪಿನವನು. ಕಲಬುರಗಿ ಕಡೆಯವನು, ನನಗಿಂತ ಆರೇಳು ವರ್ಷ ಚಿಕ್ಕವನು. ಗೇಟಿನ ಹೊರಗಿನ ಚಹದಂಗಡಿಯಲ್ಲಿ ನಾನು ಗ್ಲಾಸು ಹಿಡಿದಿದ್ದಾಗ ನನ್ನ ಬೆರಳುಗಳಿಗೆ ಸುತ್ತಿದ್ದ ಪಟ್ಟಿಯನ್ನೇ ನೋಡುತ್ತಿದ್ದ. "ಸರ್, ಎರಡೇ ಬೆರಳಿಗಿ ಬೊಬ್ಬಿ ಬಂದಾವಲ್ರಿ. ಯಾವ ವಾದ್ಯ?" ಎಂದು ಕೇಳಿದ. ಇಪ್ಪತ್ತಾರು ವರ್ಷ ತಪಾಸಣೆ ಮಾಡಿದ ನನ್ನನ್ನು ಯಾರೋ ಮೊದಲ ಸಲ ತಪಾಸಣೆ ಮಾಡಿದ್ದರು. ಬೇಸ್ ಎಂದೆ. ಅವನು ತನ್ನ ಬಲಗೈ ಹೆಬ್ಬೆರಳನ್ನು ಮುಂದೆ ಚಾಚಿದ. ಅದರ ಪಕ್ಕದ ಚರ್ಮ ಗಟ್ಟಿಯಾಗಿ ಹಳದಿಗಟ್ಟಿತ್ತು. "ನಾನೂ ಅದೇ ರಿ" ಎಂದ.

ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಅವನ ಊರ ಕಡೆಯ ಏಳೆಂಟು ಜನ ಸೇರಿಕೊಂಡು ಪ್ರತಿ ಸೋಮವಾರ ಸಂಜೆ ತತ್ವಪದ ಹಾಡುತ್ತಾರೆ. ಒಂದು ಸೋಮವಾರ ನನ್ನನ್ನೂ ಕರೆದ. ಚಿಕ್ಕ ಕೋಣೆ, ಒಂದು ಹಾರ್ಮೋನಿಯಂ, ಒಂದು ದೋಲಕ್, ತಾಳ, ಮೂಲೆಯಲ್ಲಿ ಡಬ್ಬಿಯಂಥ ಒಂದು ಸ್ಪೀಕರು. ಕಲ್ಯಾಣದ ಕಡೆಯ ಯಾವುದೋ ಆರ್ಕೆಸ್ಟ್ರಾ ಮುಚ್ಚಿದಾಗ ಅದರ ಯಜಮಾನ ಕೊಟ್ಟ ಬೇಸ್ ಗಿಟಾರನ್ನು ಶರಣಪ್ಪ ಹೆಗಲಿಗೆ ಹಾಕಿಕೊಂಡಿದ್ದ. ಎರಡು ಬೆರಳಿನ ಹೆಜ್ಜೆಯೂ ಇಲ್ಲ, ಗಿಜ್ಜೆಯೂ ಇಲ್ಲ. ಒಂದೇ ಹೆಬ್ಬೆರಳಿನಿಂದ ಜೋರಾಗಿ ಒತ್ತಿ ಬಾರಿಸುತ್ತಿದ್ದ. ಪ್ರತಿ ಸ್ವರವೂ ದುಂಡಗೆ ಹುಟ್ಟಿ ಅಲ್ಲೇ ಮುಗಿಯುತ್ತಿತ್ತು, ಹಾಡುವವರ ಒಂದು ಅಕ್ಷರವನ್ನೂ ಮುಚ್ಚುತ್ತಿರಲಿಲ್ಲ. ನಾನು ಕುಳಿತಿದ್ದ ಚಾಪೆಯಡಿಯ ನೆಲ ಮೆಲ್ಲಗೆ ಉಸಿರಾಡಿದಂತಾಯಿತು. ನನ್ನ ಕಣ್ಣು ತುಂಬಿ ಬಂತು, ಇದು ಸುಳ್ಳಲ್ಲ.

ಕಣ್ಣು ಒರೆಸಿಕೊಂಡು ನಾನು ಮಾಡಿದ ಮೊದಲ ಕೆಲಸ ಎಂದರೆ ಆ ಗಿಟಾರಿನ ದೋಷಗಳನ್ನು ಎಣಿಸಿದ್ದು. ತಂತಿ ಬಹಳ ಎತ್ತರ, ಬೆರಳು ತೂರುವಷ್ಟು. ತಂತಿಯ ಮೇಲೆ ಜಂಗು. ಒಂದು ಗುಂಡಿ ಬಿದ್ದುಹೋದ ಕಡೆ ಸೋಡಾ ಬಾಟಲಿಯ ಮುಚ್ಚಳ. ಕುದುರೆಯ ಹತ್ತಿರ ತಂತಿಗಳ ಅಡಿಯಲ್ಲಿ ಏನೋ ಕಪ್ಪು ಕೊಳೆ. ಉದ್ಯೋಗದ ಚಟ ಅಂಥದ್ದು, ದೇವರು ಎದುರು ಬಂದರೂ ಕಿರೀಟ ಅರ್ಧ ಇಂಚು ವಾಲಿದೆ ಎಂದು ಬರೆದುಕೊಳ್ಳುತ್ತೇವೆ.

ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಇವರನ್ನು ಹಾಡಿಸಬೇಕು ಎಂದು ಸಮಿತಿಯಲ್ಲಿ ಹೇಳಿದವನೂ ನಾನೇ. ಸಂಘ ಡೊಂಬಿವಲಿಯಲ್ಲಿದೆ. ಸದಸ್ಯರಲ್ಲಿ ಹೆಚ್ಚಿನವರು ನನ್ನಂತೆ ಉಡುಪಿ, ಮಂಗಳೂರು ಕಡೆಯವರು. ಹೋಟೆಲು, ಬ್ಯಾಂಕು, ಆಫೀಸು. ಕಳವಾ ಕಡೆಯ ಕನ್ನಡಿಗರನ್ನು ನಾವು ಕನ್ನಡಿಗರೆಂದು ಭಾಷಣದಲ್ಲಿ ಸೇರಿಸಿಕೊಳ್ಳುತ್ತೇವೆ, ಊಟದ ಪಂಕ್ತಿಯಲ್ಲಿ ಮರೆಯುತ್ತೇವೆ. ಈ ಮಾತನ್ನು ನಾನು ಸಮಿತಿಯಲ್ಲಿ ಸ್ವಲ್ಪ ಬೆಣ್ಣೆ ಹಚ್ಚಿ ಹೇಳಿದಾಗ ಎಲ್ಲರೂ ಒಪ್ಪಿದರು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ಮನೆಗೆ ಬಂದೆ. ಬರುವ ದಾರಿಯಲ್ಲಿ ಆ ಸೋಡಾ ಮುಚ್ಚಳ ನೆನಪಾಯಿತು. ನಮ್ಮವರು ಮೊದಲ ಸಾಲಿನಲ್ಲಿ ಕುಳಿತು ಅದನ್ನು ನೋಡುತ್ತಾರಲ್ಲ ಎನಿಸಿತು. ಆ ಕ್ಷಣ ನನಗಾದದ್ದು ನಾಚಿಕೆ. ಶರಣಪ್ಪನ ಬಗ್ಗೆ ನಾಚಿಕೆ. ಬರೆಯದೆ ಬಿಡಬಹುದಿತ್ತು, ಆದರೆ ಇದ್ದದ್ದು ಅದೇ.

ಮಾರನೆಯ ದಿನ ಅವನಿಗೆ ಹೇಳಿದೆ, "ನಿನ್ನ ಗಿಟಾರ್ ಕೊಡು, ನಾನು ಸೆಟಪ್ ಮಾಡಿ ಕೊಡ್ತೇನೆ."

"ಬ್ಯಾಡ್ರಿ ಸರ್" ಎಂದ. "ಅದಕ್ಕ ನನ್ನ ಕೈ ಹೊಂದ್ಯಾದ, ನನ್ನ ಕೈಗಿ ಅದು ಹೊಂದ್ಯಾದ."

ಅಲ್ಲಿಗೆ ಬಿಡಬೇಕಿತ್ತು. ಬಿಡದೆ ನಾನು ದೇವರನ್ನು ಎಳೆದು ತಂದೆ. ನವರಾತ್ರಿ ಹತ್ತಿರವಿತ್ತು. "ಆಯುಧ ಪೂಜೆಗೆ ನನ್ನ ವಾದ್ಯದ ಜೊತೆ ನಿನ್ನದನ್ನೂ ಇಟ್ಟು ಪೂಜೆ ಮಾಡ್ತೇನೆ ಮಾರಾಯ, ಸರಸ್ವತಿಗೆ ಬೇಡ ಅಂತೀಯಾ?" ಎಂದೆ. ಪೂಜೆಗೆ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ನವಮಿಯ ಹಿಂದಿನ ದಿನ ಅವನು ಗಿಟಾರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟ.

ಮನೆಗೆ ತಂದು ಟ್ಯೂಬ್‌ಲೈಟಿನ ಕೆಳಗಿಟ್ಟು ನೋಡಿದೆ. ತಂತಿಗಳ ಅಡಿಯ ಕೊಳೆ ಕೊಳೆಯಲ್ಲ. ಅದೊಂದು ರಬ್ಬರಿನ ತುಂಡು. ತಿರುಗಿಸಿ ನೋಡಿದರೆ ಸಣ್ಣ ಸಣ್ಣ ಗೆರೆಗಳು. ಹವಾಯಿ ಚಪ್ಪಲಿಯ ಅಟ್ಟೆ! ನಾಲ್ಕೂ ತಂತಿಗಳ ಅಡಿಗೆ ಸರಿಯಾಗಿ ಕೂರುವಂತೆ ಕತ್ತರಿಸಿ ಅಂಟಿಸಿದ್ದ. ಮರುದಿನ ಕುಂಕುಮ ಹಚ್ಚಿ ಚೆಂಡು ಹೂವಿನ ಮಾಲೆ ಹಾಕಬೇಕಾದ ವಾದ್ಯದ ಎದೆಯ ಮೇಲೆ ಚಪ್ಪಲಿ! ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವನು ನಾನು. ಚಾಕುವಿನಿಂದ ಮೀಟಿ ತೆಗೆದು, ಎರಡು ಬೆರಳಿನಲ್ಲಿ ಹಿಡಿದು, ಅಡುಗೆಮನೆಯ ಕಸದ ಡಬ್ಬಿಗೆ ಹಾಕಿ ಕೈ ತೊಳೆದುಕೊಂಡೆ.

ಸುಮತಿ ನೋಡುತ್ತಿದ್ದಳು. "ಅದು ಎಂತಕ್ಕೆ ಇಟ್ಟದ್ದು ಅಂತ ಅವರನ್ನು ಕೇಳಿದಿರಾ?"

"ಕೇಳುವುದೆಂತ ಉಂಟು? ಚಪ್ಪಲಿ ಚಪ್ಪಲಿಯೇ."

"ಅವರಿಗೂ ದೇವರು ಉಂಟಲ್ಲ, ಕೇಳಿ ತೆಗೀಬಹುದಿತ್ತು" ಎಂದು ಅವಳು ಸುಮ್ಮನಾದಳು. ಸುಮತಿ ಸುಮ್ಮನಾದಾಗಲೆಲ್ಲ ನಾನು ಗೆದ್ದೆ ಎಂದುಕೊಳ್ಳುತ್ತೇನೆ. ಮದುವೆಯಾಗಿ ಇಪ್ಪತ್ತೈದು ವರ್ಷ, ಇನ್ನೂ ಬುದ್ಧಿ ಬಂದಿಲ್ಲ.

ಪೂಜೆ ಸಾಂಗವಾಗಿ ನಡೆಯಿತು. ಆಮೇಲೆ ನನ್ನ ಕೈಚಳಕ. ಜಂಗು ಹಿಡಿದ ತಂತಿ ಬಿಸಾಡಿ ಹೊಸ ತಂತಿ ಹಾಕಿದೆ. ಕುತ್ತಿಗೆ ನೇರ ಮಾಡಿದೆ, ತಂತಿಗಳನ್ನು ಪುಸ್ತಕ ಹೇಳುವ ಅಳತೆಗೆ ತಗ್ಗಿಸಿದೆ. ಸೋಡಾ ಮುಚ್ಚಳದ ಜಾಗಕ್ಕೆ ಹೊಳೆಯುವ ಗುಂಡಿ ತರಿಸಿದೆ. ಅದು ಬರುವುದು ತಡವಾಗಿ, ಮೂರು ಸೋಮವಾರ ಕಳವಾ ಕೋಣೆಯ ಹಾಡು ಬೇಸ್ ಇಲ್ಲದೆ ನಡೆಯಿತು. ಶರಣಪ್ಪ ಚಹದಂಗಡಿಯಲ್ಲಿ ಸಿಕ್ಕಾಗಲೆಲ್ಲ "ಆಯ್ತೇನ್ರಿ ಸರ್?" ಎನ್ನುತ್ತಿದ್ದ. "ಒಳ್ಳೆ ಕೆಲಸಕ್ಕೆ ಹೊತ್ತು ಬೇಕು" ಎಂದು ನಾನು ಉಪದೇಶ ಮಾಡುತ್ತಿದ್ದೆ.

ಈಗ ಸ್ವಲ್ಪ ಪಾಂಡಿತ್ಯಕ್ಕೆ ಅವಕಾಶ ಕೊಡಿ, ಈ ಪಾಂಡಿತ್ಯ ನನಗೆ ಬಂದದ್ದು ತಡವಾಗಿ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ದಾರದ ಎಳೆ ಇಡುತ್ತಾರೆ. ಆ ಬಡ ಎಳೆ ಇಲ್ಲದಿದ್ದರೆ ತಂಬೂರಿಗೆ ಜೀವವೇ ಇಲ್ಲ. ಮೃದಂಗದ ಎಡಗಡೆಗೆ ಕಲಸಿದ ರವೆ ಮೆತ್ತುತ್ತಾರೆ, ಉಪ್ಪಿಟ್ಟಿನ ರವೆಯೇ. ಆ ಮೃದಂಗದ ಮುಖ ಯಾವ ಪ್ರಾಣಿಯ ಚರ್ಮ ಎಂದು ದೇವರಕೋಣೆಯಲ್ಲಿ ಕುಳಿತು ಕೇಳುವ ನಾವು ಯಾರೂ ವಿಚಾರಿಸುವುದಿಲ್ಲ. ಬೇಸ್ ಗಿಟಾರಿನಲ್ಲೂ ಹೀಗೆಯೇ. ಕುದುರೆಯ ಬಳಿ ತಂತಿಗಳ ಅಡಿಗೆ ಸ್ಪಂಜನ್ನೋ ರಬ್ಬರನ್ನೋ ಇಟ್ಟು, ಸ್ವರ ಉದ್ದಕ್ಕೆ ಎಳೆಯದೆ ಚಿಕ್ಕದಾಗಿ ನಿಲ್ಲುವಂತೆ ಮಾಡುವುದು ಬಲ್ಲವರ ಹಳೆಯ ಉಪಾಯ. ಜಗತ್ತಿನ ಎಷ್ಟೋ ವಾದಕರು ತಂತಿ ಹಳತಾದಷ್ಟೂ ಒಳ್ಳೆಯದು ಎಂದು ವರ್ಷಗಟ್ಟಲೆ ಬದಲಿಸುವುದಿಲ್ಲವಂತೆ. ನಾನು ನೋಡಿದ ನೂರಾರು ವಿಡಿಯೋಗಳಲ್ಲಿ ಇದೂ ಇತ್ತು. ಗುಂಡಿ ಬದಲಿಸುವ ವಿಡಿಯೋ ನೋಡುವ ಅವಸರದಲ್ಲಿ ಅದನ್ನು ದಾಟಿ ಹೋಗಿದ್ದೆ.

ರಾಜ್ಯೋತ್ಸವ ಒಂದು ಭಾನುವಾರ ಮಧ್ಯಾಹ್ನ. ಕಳವಾ ಕಡೆಯವರು ಬಿಳಿ ಅಂಗಿ, ಬಿಳಿ ಟೊಪ್ಪಿಗೆ ಹಾಕಿಕೊಂಡು ಹೆಂಡಿರು ಮಕ್ಕಳ ಸಮೇತ ಸಭಾಭವನಕ್ಕೆ ಎರಡು ಗಂಟೆ ಮೊದಲೇ ಬಂದಿದ್ದರು. ನಾನು ಗಿಟಾರ್ ತಲುಪಿಸಿದ್ದು ಅವರ ಸರದಿಗೆ ಹತ್ತು ನಿಮಿಷ ಇರುವಾಗ. ಸಮಿತಿಯ ನಾಲ್ಕಾರು ಜನ ವೇದಿಕೆಯ ಪಕ್ಕ ನಿಂತಿದ್ದರು. ಅವರೆದುರಿಗೇ ನಾನು ಬೆಡ್‌ಶೀಟನ್ನು ಬಿಚ್ಚಿದೆ, ಹೊಳಪು ಎಲ್ಲರಿಗೂ ಕಾಣಲೆಂದು. ಶರಣಪ್ಪ ಹೆಬ್ಬೆರಳಿನಿಂದ ಒಂದು ತಂತಿ ಬಾರಿಸಿದ. ಅದು ಮೆಟ್ಟಿಲುಗಳಿಗೆ ಬಡಿದು ಗರಗರ ಎಂದಿತು, ಆಮೇಲೆ ಸ್ಟೀಲಿನ ತಟ್ಟೆ ಬಿದ್ದ ಹಾಗೆ ಝಣಗುಟ್ಟುತ್ತಲೇ ಉಳಿಯಿತು. ಅವನ ಎಡಗೈ ಕುದುರೆಯ ಬಳಿ ಹೋಗಿ ಏನನ್ನೋ ತಡವಿತು.

"ಸರ್, ಇಲ್ಲೊಂದು ರಬ್ಬರ್ ಇತ್ತಲ್ರಿ?"

ಸಮಿತಿಯವರು ನನ್ನ ಮುಖ ನೋಡಿದರು. ಚಪ್ಪಲಿ ಎಂಬ ಮಾತು ಅವರ ಕಿವಿಗೆ ಬೀಳಬಾರದು ಎಂದಷ್ಟೇ ನನ್ನ ತಲೆಯಲ್ಲಿದ್ದದ್ದು. "ಎಲ್ಲೋ ಬಿದ್ದು ಹೋಗಿರಬೇಕು" ಎಂದೆ.

ಅವನು ನನ್ನನ್ನು ಒಂದು ಕ್ಷಣ ನೋಡಿದ. "ಹೌದ್ರಿ, ಬಿದ್ದಿರಬೇಕು" ಎಂದ. ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ತಂತಿಯ ಅಡಿಗೆ ತೂರಿಸಲು ನೋಡಿದ. ನಾನು ತಂತಿಗಳನ್ನು ಅಷ್ಟು ಚೆನ್ನಾಗಿ ತಗ್ಗಿಸಿದ್ದೆ, ಟವೆಲ್ಲು ಹೋಗಲಿಲ್ಲ. ತಂತಿ ಏರಿಸುವ ಕೀಲಿ ಐರೋಲಿಯ ಮನೆಯಲ್ಲಿ, ಡಬ್ಬಿಯೊಳಗೆ ಸುರಕ್ಷಿತವಾಗಿತ್ತು. ಅಷ್ಟರಲ್ಲಿ ಅವರ ಹೆಸರು ಕೂಗಿದರು.

ಮೊದಲ ಪದ ಶುರುವಾಯಿತು. ಹೆಬ್ಬೆರಳು ಅದೇ, ಕೈ ಅದೇ. ಆದರೆ ಒಂದು ಸ್ವರ ಮುಗಿಯುವ ಮುನ್ನ ಮುಂದಿನದು ಅದರ ಮೇಲೆ ಬಿದ್ದು, ಎರಡೂ ಸೇರಿ ಮೂರನೆಯದನ್ನು ನುಂಗಿ, ಸಭಾಭವನದ ದೊಡ್ಡ ಸ್ಪೀಕರುಗಳಲ್ಲಿ ಲಾರಿ ಹಿಂದಕ್ಕೆ ಬರುವಂಥ ಗದ್ದಲ ತುಂಬಿತು. ಹಾಡಿನ ಮಾತು ಕೇಳಿಸಲಿಲ್ಲ. ಜನ ಮುಖ ಮುಖ ನೋಡಿದರು. ಕಾರ್ಯದರ್ಶಿಗಳು ಧ್ವನಿವರ್ಧಕದವನಿಗೆ ಕೈಸನ್ನೆ ಮಾಡಿದರು. ಅವನು ಒಂದು ಗುಂಡಿಯನ್ನು ಪೂರ್ತಿ ಕೆಳಗಿಳಿಸಿದ. ಬೇಸ್ ಸದ್ದು ನಿಂತಿತು. ಹಾಡು ತಿಳಿಯಾಯಿತು, ಜನ ನೆಮ್ಮದಿಯಿಂದ ತಲೆದೂಗಿದರು. ಶರಣಪ್ಪ ಮಾತ್ರ ಆ ಪದವನ್ನೂ, ಅದರ ನಂತರದ ಎರಡು ಪದಗಳನ್ನೂ ಒಂದು ಸ್ವರ ಬಿಡದೆ ಕೊನೆಯವರೆಗೆ ಬಾರಿಸಿದ. ಅವನ ಹೆಬ್ಬೆರಳು ಏಳುವುದು ಬೀಳುವುದು ನನಗೆ ಕಾಣುತ್ತಿತ್ತು, ಸದ್ದಿರಲಿಲ್ಲ. ಅಲ್ಲಿಂದ ಎದ್ದು ಹೋಗಿ ಆ ಗುಂಡಿ ಮೇಲೆತ್ತುವ ಧೈರ್ಯವೂ ನನಗಿರಲಿಲ್ಲ, ಎತ್ತಿದ್ದರೆ ಬರುತ್ತಿದ್ದದ್ದು ನನ್ನ ಕೈಚಳಕವೇ.

ಉಪಾಹಾರದ ಹೊತ್ತಿಗೆ ಕಾರ್ಯದರ್ಶಿಗಳು ನನ್ನ ಹೆಗಲ ಮೇಲೆ ಕೈ ಹಾಕಿದರು. "ಭಜನೆ ಫಸ್ಟ್ ಕ್ಲಾಸ್ ಮಾರಾಯ್ರೆ. ಆ ಗಿಟಾರಿನವ ಒಬ್ಬ ಬಾರಿಸ್ಲಿಕ್ಕೆ ಬಾರದವ. ಬರುವ ವರ್ಷ ಅವನೊಬ್ಬನನ್ನು ಬಿಟ್ಟು ಕರೆಸುವ." ನನ್ನ ಬಾಯಲ್ಲಿ ಗೋಳಿಬಜೆ ಇತ್ತು. ಅದು ಇದ್ದದ್ದು ಒಳ್ಳೆಯದಾಯಿತು ಎಂದು ಆಗ ಅನಿಸಿತು. ನಾನು "ಹೂಂ" ಎಂದೆ.

ಆ "ಹೂಂ" ನನ್ನನ್ನು ಮೂರು ವಾರ ತಿಂದಿತು. ಕೆಲಸದಲ್ಲಿ ಒಂದು ವಾಲ್ವ್ ಕೆಟ್ಟರೆ ಎಲ್ಲಿ ಕೆಟ್ಟಿತು, ಯಾರ ಕೈಯಲ್ಲಿ ಕೆಟ್ಟಿತು ಎಂದು ಬರೆದು ಸಹಿ ಹಾಕಿಸಿಕೊಳ್ಳುವವನು ನಾನು. ಎಷ್ಟೋ ಜನರ ಸಹಿ ಹಾಕಿಸಿಕೊಂಡಿದ್ದೇನೆ, ತಲೆ ತಗ್ಗಿಸಿ ನಿಂತವರ ಎದುರು ಕನ್ನಡಕ ಸರಿಮಾಡಿಕೊಂಡಿದ್ದೇನೆ. ಈಗ ಚಹದಂಗಡಿಗೆ ಹೋಗುವುದನ್ನೇ ಬಿಟ್ಟೆ. ಕ್ಯಾಂಟೀನಿನ ಬಿಸಿನೀರಿನಂಥ ಚಹ ಕುಡಿದು ಅದು ಆರೋಗ್ಯಕ್ಕೆ ಒಳ್ಳೆಯದು ಎಂದೆ. ಲಾರಿಗಳು ನಿಲ್ಲುವ ಕಡೆಯ ಬಾಗಿಲನ್ನು ತಪ್ಪಿಸಿ ಸುತ್ತಿಕೊಂಡು ಹೋದೆ. ಮನೆಯಲ್ಲಿ ನನ್ನ ಗಿಟಾರಿನ ಅಳತೆ ತೆಗೆಯಲು ಕುಳಿತರೆ ಕೈ ಏಳಲಿಲ್ಲ. ಸುಮತಿ ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಕೊನೆಗೆ ಒಂದು ಭಾನುವಾರ ಐರೋಲಿಯಿಂದ ಠಾಣೆ, ಠಾಣೆಯಿಂದ ಕಳವಾ ರೈಲು ಹಿಡಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹವಾಮಾನ, ಮರದ ಸ್ವಭಾವ, ಸಭಾಭವನದ ಸ್ಪೀಕರು, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸೇರಿಸಿದರೆ ನನ್ನ ಪಾಲಿನ ತಪ್ಪು ಚಮಚದಷ್ಟಾಗುತ್ತಿತ್ತು. ಶರಣಪ್ಪ ಕೋಣೆಯಲ್ಲೇ ಇದ್ದ. "ಬರ್ರಿ ಸರ್, ಬರ್ರಿ" ಎಂದು ಚಾಪೆ ಹಾಸಿದ. ಗೋಡೆಗೆ ಒರಗಿಸಿದ್ದ ಗಿಟಾರಿನಲ್ಲಿ ತಂತಿಗಳು ಮತ್ತೆ ಎತ್ತರವಾಗಿದ್ದವು, ಅಡಿಯಲ್ಲಿ ನೀಲಿ ರಬ್ಬರಿನ ಹೊಸ ತುಂಡು. ಅದನ್ನು ನೋಡಿದ್ದೇ ನಾನು ಜೋಡಿಸಿಕೊಂಡ ಮಾತೆಲ್ಲ ಹಾರಿಹೋಯಿತು. "ಅದು ಬಿದ್ದದ್ದಲ್ಲ ಶರಣಪ್ಪ. ನಾನೇ ಕಿತ್ತು ಕಸಕ್ಕೆ ಹಾಕಿದೆ. ಚಪ್ಪಲಿ ಅಂತ ಹೇಸಿಗೆಪಟ್ಟೆ" ಎಂದೆ.

"ಗೊತ್ತಿತ್ರಿ" ಎಂದ. "ಅಂಟು ಹಚ್ಚಿ ಕೂಡಿಸಿದ್ದೆ. ಒಂಬತ್ತ್ ವರ್ಷ ಆಗಿತ್ತು. ಅದು ತಾನಾಗಿ ಬೀಳಲ್ರಿ."

"ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ?"

"ನಿಮ್ಮ ಮಂದಿ ಎಲ್ಲಾ ಅಲ್ಲೇ ನಿಂತಿದ್ರಲ್ರಿ. ನೀವು ಸುಳ್ಳ ಹೇಳಕತ್ತೀರಿ ಅಂತ ಅವರ ಮುಂದ ನಾ ಹ್ಯಾಂಗ ಅನ್ಲಿ?" ಗಿಟಾರಿನ ಕಡೆ ಕೈ ತೋರಿಸಿ ಅವನೇ ಹೇಳಿದ, "ನನಗೂ ಮೊದಲು ಅಂಜಿಕಿ ಇತ್ರಿ ಸರ್. ಕಾಲಾಗಿಂದು ವಾದ್ಯದ ಮ್ಯಾಲ ಇಡಬೇಕಲ್ಲ ಅಂತ. ಅದಕ್ಕ ಹೊಸಾ ಚಪ್ಪಲ್ ತಂದು, ಹಾಕ್ಕೊಳ್ಳದಂಗ ಕೊಯ್ದಿದ್ದೆ. ಕಾಲಿಗಿ ಮುಟ್ಟಿಸಿಲ್ಲ ಅದನ್ನ."

ನಾನು ಮಾಡಿದ ಪೂಜೆಗಿಂತ ದೊಡ್ಡ ಪೂಜೆ ಒಂಬತ್ತು ವರ್ಷದ ಹಿಂದೆಯೇ ಆಗಿಹೋಗಿತ್ತು. ಆಮೇಲೆ ಕೇಳಿದೆ, "ಸದ್ದು ನಿಲ್ಲಿಸಿದ್ದು ನಿನಗೆ ಗೊತ್ತಾಗಲಿಲ್ಲವಾ?"

"ಗೊತ್ತಾತಲ್ರಿ. ಕಾಲಾಗ ಗುಮ್ ಅಂತ ಬರತದಲ್ಲ, ಅದು ನಿಂತು ಹೋಯ್ತು."

"ಆದರೂ ಬಾರಿಸಿದೆಯಲ್ಲ?"

"ದೋಲಕ್‌ನವ ನನ್ನ ಹೆಬ್ಬಟ್ಟು ನೋಡಿ ಬಾರಿಸ್ತಾನ್ರಿ. ನಾ ನಿಂತ್ರ ಅವ ಎಡವತಿದ್ದ." ಇಷ್ಟು ಹೇಳಿ ಅವನು ದನಿ ತಗ್ಗಿಸಿದ. "ನಂದೇನಿಲ್ರಿ ಸರ್. ನಮ್ಮ ಮನ್ಯಾಕಿದೇ ಚಿಂತಿ. ಹಿಂದಿನ ಕುರ್ಚಿಯಾಗ ಕುಂತವರು, ಅವನಿಗಿ ಬಾರಸಕ್ಕ ಬರಲ್ಲ ಅಂದ್ರಂತ. ಇಕಿ ಕೇಳ್ಯಾಳ. ಊರಾಗ ಎಲ್ಲಾರಿಗಿ ಹೇಳಿ ಬಂದಿದ್ಳು, ಡೊಂಬಿವಲಿ ಸಂಘದಾಗ ನಮ್ಮವರು ಬಾರಸ್ತಾರ ಅಂತ. ಅವತ್ತಿನಿಂದ ಸಂಘದ ಮಾತು ತೆಗದ್ರ ಎದ್ದು ಹೋಗ್ತಾಳ."

ಅವನ ಹೆಂಡತಿ ಚಹ ತಂದಿಟ್ಟಳು. "ತಗೋರಿ" ಎಂದಳು, ನನ್ನ ಮುಖ ನೋಡಲಿಲ್ಲ. ಆ ಚಹ ಚೆನ್ನಾಗಿತ್ತು. ಕೊನೆಯ ಗುಟುಕಿನವರೆಗೂ ಕುಡಿದೆ. ನನ್ನ ತಪ್ಪನ್ನು ಶರಣಪ್ಪ ಕ್ಷಮಿಸಿ ಆಗಿತ್ತು, ಅದು ಅವನ ಗುಣ. ಆದರೆ ಆ ಹೆಂಗಸು ಕೇಳಿದ ಮಾತನ್ನು ಅವಳ ಕಿವಿಯಿಂದ ತೆಗೆಯುವುದು ಅವನ ಕೈಯಲ್ಲೂ ಇರಲಿಲ್ಲ. ಅದು ನಾನು ತೆಗೆಯಬೇಕಾದದ್ದು, ಯಾರ ಮುಂದೆ ಬಿತ್ತೋ ಅವರ ಮುಂದೆಯೇ.

ಮುಂದಿನ ಸಮಿತಿ ಸಭೆಯಲ್ಲಿ ಎದ್ದು ನಿಂತೆ. "ಆವತ್ತು ಗಿಟಾರ್ ಕೆಟ್ಟದ್ದು ನನ್ನಿಂದ" ಎಂದು ಶುರುಮಾಡಿದೆ. ಕಾರ್ಯದರ್ಶಿಗಳು ನಕ್ಕು, "ಅಯ್ಯೋ ಬಿಡಿ ಮಾರಾಯ್ರೆ, ಸಣ್ಣ ವಿಷಯ, ನಿಮ್ಮದು ದೊಡ್ಡ ಮನಸ್ಸು" ಎಂದರು. ತಪ್ಪು ಒಪ್ಪಿಕೊಳ್ಳಲು ಎದ್ದವನು ದೊಡ್ಡ ಮನಸ್ಸಿನವನಾಗಿ ಕುಳಿತೆ. ನಾಚಿಕೆ ಇನ್ನೊಂದು ಸುತ್ತು ಬಿಗಿಯಾಯಿತು. ಸಭೆ ಮುಗಿದ ಮೇಲೆ ಅವರೇ ಹತ್ತಿರ ಬಂದು, "ನಮ್ಮ ಸ್ಮರಣ ಸಂಚಿಕೆಗೆ ಒಂದು ಲಲಿತ ಪ್ರಬಂಧ ಬರೆದುಕೊಡಿ, ನಗು ಬರುವಂಥದ್ದು" ಎಂದರು.

ಬರೆದಿದ್ದೇನೆ. ಬರೆಯುತ್ತೇನೆ ಎಂದು ಶರಣಪ್ಪನಿಗೆ ಹೇಳಿದಾಗ ಅವನು ಗಾಬರಿಯಾಗಿ, "ನಿಮ್ಮ ತಪ್ಪು ಅಂತ ಬರೀಬ್ಯಾಡ್ರಿ ಸರ್, ಮಿಷಿನ್ ತಪ್ಪು ಅಂತ ಬರೀರಿ" ಎಂದ. ಆ ಒಂದು ಮಾತನ್ನು ನಾನು ನಡೆಸಿಲ್ಲ. ಉಳಿದಂತೆ ಅವನು ಒಪ್ಪಿದ್ದಾನೆ. ಕಾರ್ಯದರ್ಶಿಗಳೂ ಒಪ್ಪಬೇಕು ಎಂದು ಪ್ರಾರ್ಥನೆ.

ಸಂಪಾದಕರಲ್ಲಿ ಒಂದು ಮಾತು. ಸಂಚಿಕೆಯಲ್ಲಿ ಜಾಗ ಸಾಲದೆ ಹೋದರೆ ಮೇಲಿನದನ್ನು ಎಲ್ಲಿ ಬೇಕಾದರೂ ಕತ್ತರಿಸಿ, ಓದುಗರಿಗೆ ನಷ್ಟವಿಲ್ಲ. ಒಂದು ಸಾಲು ಮಾತ್ರ ಇರಲಿ: ಆವತ್ತು ವೇದಿಕೆಯಲ್ಲಿ ಬೇಸ್ ಬಾರಿಸಿದ ಶರಣಪ್ಪನಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಬಾರಿಸಲು ಬರುತ್ತದೆ, ವಾದ್ಯ ಕೆಡಿಸಿದವನು ನಾನು. ಆ ಸಾಲನ್ನು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಹಾಕಿಸಿ. ಅವನ ಹೆಂಡತಿಗೆ ಓದು ಬರುತ್ತದೆ, ಕನ್ನಡಕ ಇನ್ನೂ ಮಾಡಿಸಿಲ್ಲ.